ಬರಿಗಾಲಿನ ಮಲ್ಲರೂ ಕಾಲುಚೀಲವೂ

ಜಪಾನ್ ದೇಶದ ಸುಮೊ ಮಲ್ಲಯುದ್ಧದ ಚಿತ್ರವನ್ನು ಒಮ್ಮೆಯಾದರೂ ಕಾಣದ ವಿದ್ಯಾರ್ಥಿಗಳು ಇಂದು ವಿರಳ. ಬೆಟ್ಟದಂತಹ ದೇಹ, ನೆತ್ತಿಯ ಮೇಲೆ ಎಣ್ಣೆ ಹಚ್ಚಿ ಕಟ್ಟಿದ ಜುಟ್ಟು, ಸೊಂಟಕ್ಕೆ ಬಿಗಿದ ದಪ್ಪನೆಯ ಕಾಸೆ, ಉಳಿದಂತೆ ಬರಿಮೈ ಮತ್ತು ಬರಿಗಾಲು. ಇಷ್ಟೇ ಆ ಮಲ್ಲನ ವೇಷ. ಶತಮಾನಗಳಿಂದ ಈ ವೇಷದಲ್ಲಿ ಹೇಳಿಕೊಳ್ಳುವಂತಹ ಮಾರ್ಪಾಡು ಆಗಿಲ್ಲ. ಹೀಗಿರಲು ಒಮ್ಮೊಮ್ಮೆ ಯಾವನೋ ಒಬ್ಬ ಮಲ್ಲನು ಕಣವನ್ನೇರುವಾಗ ಅವನ ಒಂದು ಪಾದದಲ್ಲಿಯೋ ಎರಡು ಪಾದಗಳಲ್ಲಿಯೋ ಬಟ್ಟೆಯ ಹೊದಿಕೆಯೊಂದು ಕಾಣಿಸಿಕೊಳ್ಳುತ್ತದೆ. ನೋಡುವವರಲ್ಲಿ ಸಂದೇಹ ಮೂಡುವುದು ಸಹಜ. ಇದು ಅಲಂಕಾರವೆ? ಪದವಿಯ ಚಿಹ್ನೆಯೆ? ಕಾಲು ಜಾರದಿರಲೆಂದು ಹೂಡಿದ ಉಪಾಯವೆ? ಈ ಮೂರರಲ್ಲಿ ಯಾವುದೂ ಅಲ್ಲ. ಅದು ಗಾಯದ ಹೊದಿಕೆ. ಕಾಲ್ಬೆರಳು ಒಡೆದಾಗ, ಉಗುರು ಕಿತ್ತುಹೋದಾಗ, ಅಂಗಾಲು ಬಿರಿದಾಗ ಆ ಭಾಗವನ್ನು ಕಾಪಾಡಿಕೊಳ್ಳುವುದಕ್ಕಾಗಿ ಮಲ್ಲನು ತೊಡುವ ಬಟ್ಟೆಯ ಕಾಲುಚೀಲವದು. ಜಪಾನೀ ಭಾಷೆಯಲ್ಲಿ ಇದಕ್ಕೆ 'ತಬಿ' ಎಂದು ಹೆಸರು.

ಉತ್ತರವೇನೋ ಸರಳವೇ. ಆದರೆ ಗಾಯಗೊಂಡವನು ಗಾಯ ಮಾಯುವವರೆಗೆ ವಿಶ್ರಮಿಸಬಾರದೇಕೆ, ಬರಿಗಾಲೇ ನಿಯಮವಾಗಿರುವ ಕಣದಲ್ಲಿ ಈ ಒಂದು ತುಂಡು ಬಟ್ಟೆಗೆ ಎಡೆ ದೊರೆತುದು ಹೇಗೆ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಕಾಲಿನ ಹೊದಿಕೆಯನ್ನು ಅರಿಯಬೇಕಾದರೆ ಮೊದಲು ಕಾಲು ಊರುವ ನೆಲವನ್ನು ಅರಿಯಬೇಕು.

ಸುಮೊ ಕಣಕ್ಕೆ 'ದೊಹ್ಯೋ' ಎಂದು ಹೆಸರು. ಈ ಶಬ್ದವನ್ನು ಬರೆಯುವ ಎರಡು ಲಿಪಿಸಂಜ್ಞೆಗಳಲ್ಲಿ ಮೊದಲನೆಯದಕ್ಕೆ ಮಣ್ಣು ಎಂದೂ ಎರಡನೆಯದಕ್ಕೆ ಹುಲ್ಲಿನ ಮೂಟೆ ಎಂದೂ ಅರ್ಥ. ಹೆಸರೇ ಅದರ ರಚನೆಯನ್ನು ಹೇಳಿಬಿಡುತ್ತದೆ. ಜೇಡಿಮಣ್ಣನ್ನು ಪೇರಿಸಿ, ಬಡಿದು, ಚೌಕಾಕಾರದ ಎತ್ತರವಾದ ಜಗಲಿಯೊಂದನ್ನು ಕಟ್ಟುತ್ತಾರೆ. ಅದರ ನಡುವೆ, ಬತ್ತದ ಹುಲ್ಲಿನಿಂದ ಹೆಣೆದು ಮಣ್ಣು ತುಂಬಿದ 20 ಮೂಟೆಗಳನ್ನು ಅರ್ಧ ಹುಗಿದು, ವರ್ತುಲವೊಂದನ್ನು ಏರ್ಪಡಿಸುತ್ತಾರೆ. ವರ್ತುಲದ ವ್ಯಾಸ 4.55 ಮೀಟರ್. 1931ಕ್ಕೆ ಮೊದಲು ಇದು ಇನ್ನೂ ಕಿರಿದಾಗಿದ್ದಿತು. ಆ ವರ್ಷ ಅಲ್ಲಿನ ಅಳತೆಯಂತೆ 13 ಶಾಕುಗಳಿಂದ 15 ಶಾಕುಗಳಿಗೆ ಹಿಗ್ಗಿಸಲಾಯಿತು. ಇಪ್ಪತ್ತು ಮೂಟೆಗಳಲ್ಲಿ ನಾಲ್ಕು ಮಾತ್ರ, ನಾಲ್ಕು ದಿಕ್ಕುಗಳಲ್ಲಿ ಒಂದೊಂದರಂತೆ, ವರ್ತುಲದ ಸಾಲಿನಿಂದ ತುಸು ಹೊರಕ್ಕೆ ಸರಿದಿರುತ್ತವೆ. ಬಯಲಿನಲ್ಲಿ ಕುಸ್ತಿ ನಡೆಯುತ್ತಿದ್ದ ಕಾಲದಲ್ಲಿ ಮಳೆಯ ನೀರು ಹರಿದುಹೋಗಲು ಬಿಟ್ಟ ತೂಬುಗಳು ಇವು ಎನ್ನುತ್ತಾರೆ. ಇಂದು ಮೇಲೆ ಸೂರು ಬಂದಿದೆ, ಮಳೆಯ ಭಯವಿಲ್ಲ. ಆದರೂ ತೂಬುಗಳು ಉಳಿದುಕೊಂಡಿವೆ. ಹಿಂದೆ ಹಿಂದೆ ತಳ್ಳಿಸಿಕೊಳ್ಳುತ್ತಿರುವ ಮಲ್ಲನಿಗೆ ಅಲ್ಲಿ ಒಂದು ಪಾದದಷ್ಟು ಜಾಗ ಹೆಚ್ಚಾಗಿ ದೊರೆಯುತ್ತದೆ. ಎಷ್ಟೋ ಪಂದ್ಯಗಳು ಆ ಒಂದು ಪಾದದ ಜಾಗದಲ್ಲಿ ತಿರುವು ಪಡೆದಿವೆ.

ನಮ್ಮ ನಾಡಿನ ಗರಡಿಯ ಮಣ್ಣನ್ನು ಬಲ್ಲವರು ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಗರಡಿಯ ಮಟ್ಟಿ ಅಗೆದು ಹದಮಾಡಿದ ಮೆತ್ತನೆಯ ಮಣ್ಣು. ಬಿದ್ದವನನ್ನು ಅದು ತಾಯಿಯಂತೆ ತಾಳಿಕೊಳ್ಳುತ್ತದೆ. ದೊಹ್ಯೋ ಹಾಗಲ್ಲ. ಅದನ್ನು ಕಟ್ಟುವವರು 'ಯೊಬಿದಾಶಿ' ಎಂಬ ಪರಿಚಾರಕರು. ಪಂದ್ಯದ ಹೊತ್ತಿನಲ್ಲಿ ಮಲ್ಲರ ಹೆಸರನ್ನು ರಾಗವಾಗಿ ಕೂಗಿ ಕರೆಯುವವರೂ ಇವರೇ. ಇವರು ಮರದ ಕೊರಡುಗಳಿಂದ ಕುಟ್ಟಿ ಕುಟ್ಟಿ ಮಣ್ಣನ್ನು ಗಚ್ಚಿನ ನೆಲದಂತೆ ಗಟ್ಟಿಗೊಳಿಸುತ್ತಾರೆ. ಹುಲ್ಲಿನ ಮೂಟೆಗಳನ್ನು ತಟ್ಟಿ ಆಕಾರಕ್ಕೆ ತರಲು ಖಾಲಿಯಾದ ಬಿಯರ್ ಸೀಸೆಗಳನ್ನು ಬಳಸುತ್ತಾರೆಂಬುದು ಕೇಳಿದವರಿಗೆ ನಗು ತರಿಸಬಹುದು. ಕೈಗೆ ಒಗ್ಗಿದ ಆಯುಧವೇ ಆಯುಧ. ಹೀಗೆ ಗಟ್ಟಿಯಾದ ನೆಲದ ಮೇಲೆ ಮರಳನ್ನು ತೆಳುವಾಗಿ ಹರಡುತ್ತಾರೆ. ಪಂದ್ಯಾವಳಿಯ ಹಿಂದಿನ ದಿನ ಪೂಜೆ ನಡೆದು, ಕಣದ ನಡುವಿನ ಕುಳಿಯಲ್ಲಿ ಅಕ್ಕಿ, ಉಪ್ಪು, ಒಣಗಿದ ಸ್ಕ್ವಿಡ್, ಸಮುದ್ರದ ಪಾಚಿ, ಕಾಯಿಬೀಜ ಮೊದಲಾದ ಆರು ವಸ್ತುಗಳನ್ನು ಹುಗಿಯುತ್ತಾರೆ. ಅಲ್ಲಿಂದ ಮುಂದೆ ಅದು ಬರಿಯ ನೆಲವಲ್ಲ, ದೇವತೆ ನೆಲಸಿದ ಸ್ಥಾನವೆಂದು ಅವರ ಭಾವನೆ.

ಈ ಕಠಿಣವಾದ, ಮೇಲೆ ಮರಳು ಚೆಲ್ಲಿದ ನೆಲದ ಮೇಲೆ ಮಲ್ಲನಿಗೆ ಇರುವ ಆಸರೆ ಅವನ ಅಂಗಾಲುಗಳು ಮಾತ್ರ. ಸುಮೊ ನಿಯಮ ಅತ್ಯಂತ ಸಂಕ್ಷಿಪ್ತವಾದುದು: ಅಂಗಾಲನ್ನು ಬಿಟ್ಟು ದೇಹದ ಬೇರೆ ಯಾವ ಭಾಗ ನೆಲವನ್ನು ಮುಟ್ಟಿದರೂ ಸೋಲು, ವರ್ತುಲದ ಹೊರಗೆ ಪಾದದ ಒಂದು ಅಂಚು ತಗಲಿದರೂ ಸೋಲು. ಗೆಲ್ಲುವ ಪಟ್ಟುಗಳು 82 ಎಂದು ಇಂದು ಎಣಿಕೆಯಾಗಿದೆ. ಆದರೆ ಅವೆಲ್ಲವುಗಳ ಬುಡದಲ್ಲಿರುವುದು ಒಂದೇ ಅಭ್ಯಾಸ. ಅದಕ್ಕೆ 'ಸುರಿಆಶಿ', ಎಂದರೆ ಉಜ್ಜುವ ಕಾಲು, ಎಂದು ಹೆಸರು. ಮಲ್ಲನು ಮೊಣಕಾಲುಗಳನ್ನು ಬಾಗಿಸಿ, ಸೊಂಟವನ್ನು ತಗ್ಗಿಸಿ, ಅಂಗಾಲನ್ನು ನೆಲದಿಂದ ಎತ್ತದೆ, ಉಜ್ಜುತ್ತ ಮುಂದೆ ಸಾಗಬೇಕು. ಎತ್ತಿದ ಕಾಲು ಎದುರಾಳಿಗೆ ಕೊಟ್ಟ ಕಾಲು. ಪರರ ಬಾಯ್ತಪ್ಪನ್ನು ಹಿಡಿದು ಆಡಿಕೊಳ್ಳುವುದಕ್ಕೆ ಜಪಾನೀಯರು 'ಎತ್ತಿದ ಕಾಲನ್ನು ಹಿಡಿಯುವುದು' ಎನ್ನುತ್ತಾರೆ; ಮಲ್ಲರ ಮಾತು ಮನೆಮಾತಾದುದಕ್ಕೆ ಇದು ಒಂದು ನಿದರ್ಶನ. ಉತ್ಸಾಹದ ಭರದಲ್ಲಿ ಎದುರಾಳಿಯನ್ನು ತಳ್ಳುತ್ತಿರುವವನೇ ತನಗರಿವಿಲ್ಲದೆ ವರ್ತುಲದಾಚೆ ಹೆಜ್ಜೆಯಿಟ್ಟು ಸೋಲುವುದುಂಟು. ಅದಕ್ಕೆ 'ಇಸಾಮಿಆಶಿ', ಹುರುಪಿನ ಕಾಲು, ಎಂದು ಹೆಸರು. ಕಾರ್ಯದಲ್ಲಿ ಅತಿ ಉತ್ಸಾಹ ತೋರಿ ಮಿತಿಮೀರಿದವರನ್ನು ಕುರಿತೂ ಈ ಶಬ್ದವನ್ನು ಬಳಸುತ್ತಾರೆ.

ಹೆಬ್ಬೆರಳಿನ ಮಹತ್ವ ಇಲ್ಲಿಯೇ ಪ್ರಕಟವಾಗುತ್ತದೆ. ಮುನ್ನುಗ್ಗುವಾಗ ದೇಹದ ಭಾರವೆಲ್ಲ ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಬೀಳುತ್ತದೆ. ಹಿಂದಕ್ಕೆ ತಳ್ಳಿಸಿಕೊಂಡು ಅಂಚನ್ನು ಮುಟ್ಟಿದವನು ಹುಲ್ಲಿನ ಮೂಟೆಗೆ ಪಾದವನ್ನು ಒತ್ತಿ, ಬೆರಳುಗಳಿಂದ ನೆಲವನ್ನು ಕಚ್ಚಿ ಹಿಡಿಯುತ್ತಾನೆ. ಮೇಲ್ವರ್ಗದ ಮಲ್ಲನೊಬ್ಬನ ತೂಕ ಸರಾಸರಿ 160 ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆಂಬುದನ್ನು ನೆನೆದರೆ, ಆ ಒಂದು ಬೆರಳು ಹೊರುವ ಹೊರೆ ಎಂತಹುದೆಂದು ಊಹಿಸಬಹುದು. ಅಭ್ಯಾಸಶಾಲೆಗಳಲ್ಲಿ ಕಿರಿಯರು ಪ್ರತಿದಿನ ಬೆಳಗಿನ ಝಾವದಲ್ಲಿಯೇ ಕಣಕ್ಕಿಳಿದು, ಚಳಿಗಾಲವೆನ್ನದೆ ಬರಿಗಾಲಿನಲ್ಲಿ ಸುರಿಆಶಿಯನ್ನೂ, ಕಾಲನ್ನು ಒಂದೊಂದಾಗಿ ಮೇಲೆತ್ತಿ ನೆಲಕ್ಕೆ ಅಪ್ಪಳಿಸುವ 'ಶಿಕೊ' ಎಂಬ ಸಾಧನೆಯನ್ನೂ ನಡೆಸುವುದು ಇದಕ್ಕಾಗಿ. ಶಿಕೊ ಕಾಲಿಗೆ ಬಲ ಕೊಡುತ್ತದೆ. ಜೊತೆಗೆ ನೆಲದಲ್ಲಿ ಅಡಗಿರುವ ದುಷ್ಟಶಕ್ತಿಗಳನ್ನು ತುಳಿದು ಅಡಗಿಸುತ್ತದೆ ಎಂಬ ಪ್ರಾಚೀನ ನಂಬಿಕೆಯೂ ಉಂಟು. 720ರಲ್ಲಿ ರಚಿತವಾದ 'ನಿಹೊನ್ ಶೊಕಿ' ಎಂಬ ಇತಿಹಾಸ ಗ್ರಂಥದಲ್ಲಿ ಬರುವ ಆದಿಮಲ್ಲರ ಕಥೆಯಲ್ಲಿ ನೊಮಿ ನೊ ಸುಕುನೆ ಎಂಬವನು ತಾಇಮಾ ನೊ ಕೆಹಯಾನನ್ನು ಕಾಲಿನಿಂದಲೇ ಒದ್ದು, ಪಕ್ಕೆಲುಬು ಮುರಿದು ಕೊಂದನೆಂದಿದೆ. ಎದೆಗೂ ಹೊಟ್ಟೆಗೂ ಒದೆಯುವುದು ಇಂದು ನಿಷಿದ್ಧ. ಆದರೂ ಆಟವೆಲ್ಲ ಕಾಲಿನ ಮೇಲೆಯೇ ನಿಂತಿದೆಯೆಂಬ ಮಾತಿಗೆ ಅಂದಿಗೂ ಇಂದಿಗೂ ವ್ಯತ್ಯಾಸವಿಲ್ಲ.

ನ್ಯಾಯನಿರ್ಣಯವೂ ಪಾದಗಳನ್ನು ಓದುವ ವಿದ್ಯೆಯೇ. ವರ್ತುಲದ ಹೊರಗೆ ಸುತ್ತಲೂ ಸುಮಾರು 25 ಸೆಂಟಿಮೀಟರ್ ಅಗಲದ ಮರಳಿನ ಪಟ್ಟಿಯೊಂದಿದೆ. ಇದಕ್ಕೆ 'ಜಾನೊಮೆ', ಹಾವಿನ ಕಣ್ಣು, ಎಂದು ಹೆಸರು. ಯೊಬಿದಾಶಿಗಳು ಇದನ್ನು ಪೊರಕೆಯಿಂದ ಗುಡಿಸಿ, ಗುರುತಿಲ್ಲದಂತೆ ಇಡುತ್ತಾರೆ. ಹಿಮ್ಮಡಿಯೋ ಬೆರಳೋ ಸೋಕಿದರೆ ಮರಳು ಸಾಕ್ಷಿ ನುಡಿಯುತ್ತದೆ. ಇನ್ನೂ ಸೂಕ್ಷ್ಮವಾದುದು 'ಶಿನಿತಾಇ', ಎಂದರೆ ಸತ್ತ ದೇಹ, ಎಂಬ ಕಲ್ಪನೆ. ಬೀಳುತ್ತಿರುವ ಮಲ್ಲನು ಇನ್ನೂ ನೆಲ ಮುಟ್ಟದಿದ್ದರೂ, ಅವನ ಕಾಲ್ಬೆರಳುಗಳು ಆಕಾಶದತ್ತ ತಿರುಗಿ, ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆ ಉಳಿದಿಲ್ಲವೆಂದು ಕಂಡರೆ, ಅವನನ್ನು ಆ ಕ್ಷಣಕ್ಕೇ ಸೋತವನೆಂದು ಪರಿಗಣಿಸಬಹುದು. ಕಾಲ್ಬೆರಳಿನ ದಿಕ್ಕನ್ನು ನೋಡಿ ಜೀವ ಇದೆ, ಇಲ್ಲ ಎಂದು ಹೇಳುವ ಈ ನ್ಯಾಯ ಲೋಕದಲ್ಲಿ ಬೇರೆಲ್ಲಿಯೂ ಇರಲಾರದೇನೊ!

ಪಾದದ ಅಂಚೊಂದು ಎಷ್ಟು ಬೆಲೆ ಬಾಳುತ್ತದೆಂಬುದಕ್ಕೆ 1969ರ ಮಾರ್ಚ್ ತಿಂಗಳ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಸತತವಾಗಿ 45 ಪಂದ್ಯಗಳನ್ನು ಗೆದ್ದಿದ್ದ ಮಹಾಮಲ್ಲ ತಾಇಹೊ, ತೊದಾ ಎಂಬ ಮಲ್ಲನನ್ನು ಎದುರಿಸಿದನು. ತೀರ್ಪುಗಾರನು ತಾಇಹೊ ಗೆದ್ದನೆಂದನು. ಕಣದ ಕೆಳಗೆ ಕುಳಿತಿದ್ದ ನ್ಯಾಯಾಧಿಕಾರಿಗಳು ಸಮಾಲೋಚಿಸಿ, ತೀರ್ಪನ್ನು ತಿರುಗಿಸಿ, ತೊದಾನಿಗೆ ಜಯವನ್ನಿತ್ತರು. ಆದರೆ ಛಾಯಾಚಿತ್ರಗಳು ಪ್ರಕಟವಾದಾಗ ತೊದಾನ ಪಾದವೇ ಮೊದಲು ಹೊರಗೆ ಬಿದ್ದಿದ್ದುದು ಎಲ್ಲರಿಗೂ ಕಾಣಿಸಿತು. ತಾಇಹೊನ ವಿಜಯಮಾಲೆ ಅಲ್ಲಿಗೆ ಕಡಿದುಹೋಯಿತು, ತೀರ್ಪು ಬದಲಾಗಲಿಲ್ಲ. ಮುಂದಿನ ಪಂದ್ಯಾವಳಿಯಿಂದ, ಎಂದರೆ ಅದೇ ವರ್ಷದ ಮೇ ತಿಂಗಳಿನಿಂದ, ಸಂದೇಹ ಬಂದಾಗ ವಿಡಿಯೊ ಚಿತ್ರವನ್ನು ನೋಡಿ ನಿರ್ಣಯಿಸುವ ಪದ್ಧತಿ ಜಾರಿಗೆ ಬಂದಿತು.

ಹೀಗೆ ಎಲ್ಲ ಭಾರವನ್ನೂ ಹೊತ್ತ ಪಾದಕ್ಕೆ ಪೆಟ್ಟು ಬೀಳದಿರುವುದೆಂತು? ದಿನವೂ ಮರಳಿನ ಮೇಲೆ ಉಜ್ಜಿ ಉಜ್ಜಿ ಅಂಗಾಲು ತೊಗಲಿನಂತೆ ದಪ್ಪವಾಗುತ್ತದೆ ನಿಜ; ಆದರೆ ದಪ್ಪವಾದ ಚರ್ಮ ಒಣಹವೆಯಲ್ಲಿ ಬಿರಿಯುತ್ತದೆ, ಬಿರುಕು ಆಳವಾದರೆ ನೆತ್ತರು ಒಸರುತ್ತದೆ. ಮೂಟೆಗೆ ತಗಲಿ ಬೆರಳು ಹಿಂದಕ್ಕೆ ಮಡಿಚಬಹುದು. ಎದುರಾಳಿ ಪಾದದ ಮೇಲೆ ಕಾಲಿಟ್ಟನೆಂದರೆ ಅವನ ತೂಕವೆಲ್ಲ ಉಗುರಿನ ಮೇಲೆ. ಕಣ ಎತ್ತರವಾಗಿರುವುದರಿಂದ ಹೊರಗೆ ಬಿದ್ದವನು ಕೆಳಗುರುಳುವಾಗ ಆಗುವ ಪೆಟ್ಟು ಬೇರೆ. ಇಂತಹ ಗಾಯಗಳು ಸಾಮಾನ್ಯರ ಬಾಳಿನಲ್ಲಿ ಅಲ್ಪವೇ. ಆದರೆ ಹೆಬ್ಬೆರಳ ಮೇಲೆ ಬದುಕುವವನಿಗೆ ಅವು ಅಲ್ಪವಲ್ಲ. ಗಾಯದ ಬಾಯಿಗೆ ಮರಳೂ ಜೇಡಿಯೂ ಸೇರುತ್ತವೆ. ಮೇಲಾಗಿ, ಕಣವನ್ನು ಶುದ್ಧಿಗೊಳಿಸಲು ಮೇಲ್ವರ್ಗದ ಮಲ್ಲರು ಪಂದ್ಯಕ್ಕೆ ಮುನ್ನ ಹಿಡಿ ಹಿಡಿಯಾಗಿ ಉಪ್ಪನ್ನು ಎರಚುತ್ತಾರೆ. ದಿನಕ್ಕೆ ಸುಮಾರು 45 ಕಿಲೋಗ್ರಾಂ ಉಪ್ಪು ಬೇಕಾಗುತ್ತದೆಂದು ಲೆಕ್ಕ. ಉಪ್ಪು ಗಾಯವನ್ನು ಕೊಳೆಯದಂತೆ ಕಾಯುತ್ತದೆ ಎಂದು ಸಮಾಧಾನ ಹೇಳುವವರುಂಟು. ಹುಣ್ಣಿನ ಮೇಲೆ ಉಪ್ಪು ಬಿದ್ದ ಅನುಭವವಿರುವವರು ಆ ಮಾತಿಗೆ ತಲೆದೂಗುವುದು ಕಷ್ಟ.

ಬೆರಳಿಗೆ ಬರಿಯ ಪಟ್ಟಿಯನ್ನು ಕಟ್ಟಿದರೆ ಸಾಲದೆ ಎಂದು ಕೇಳಬಹುದು. ಬಹುತೇಕ ಮಲ್ಲರು ಮಾಡುವುದು ಅದನ್ನೇ. ಮೊಣಕಾಲು, ಮೊಣಕೈ, ಕಣಕಾಲುಗಳಿಗೆ ಸುತ್ತಿದ ಪಟ್ಟಿಗಳು ಇಂದಿನ ಕಣದಲ್ಲಿ ಸರ್ವಸಾಧಾರಣ. ಆದರೆ ಅಂಗಾಲಿಗೋ ಬೆರಳಿಗೋ ಕಟ್ಟಿದ ಪಟ್ಟಿಯ ಗತಿ ಬೇರೆ. ನೆಲಕ್ಕೆ ಉಜ್ಜಿದಂತೆಲ್ಲ ಅದು ಸುರುಳಿಯಾಗಿ ಕಳಚಿಕೊಳ್ಳುತ್ತದೆ; ಬೆವರು ಸೇರಿ ಅಂಟು ಬಿಡುತ್ತದೆ; ಅದರ ಅಡಿಗೆ ಮರಳು ನುಸುಳುತ್ತದೆ. ಆ ಪಟ್ಟಿಯನ್ನು ಸ್ಥಾನದಲ್ಲಿ ನಿಲ್ಲಿಸುವುದಕ್ಕೆ, ಮರಳನ್ನು ದೂರವಿಡುವುದಕ್ಕೆ, ನೆತ್ತರು ಕಣದ ಮೇಲೆ ಬೀಳದಂತೆ ತಡೆಯುವುದಕ್ಕೆ ಅದರ ಮೇಲೊಂದು ಹೊದಿಕೆ ಬೇಕು. ಆ ಹೊದಿಕೆಯೇ ತಬಿ.

ಕನ್ನಡಿಗರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. 'ತಬಿ' ಎಂಬುದನ್ನು ಜಪಾನೀಯರು ಎರಡು ಲಿಪಿಸಂಜ್ಞೆಗಳಲ್ಲಿ ಬರೆಯುತ್ತಾರೆ: ಮೊದಲನೆಯದರ ಅರ್ಥ ಕಾಲು, ಎರಡನೆಯದರ ಅರ್ಥ ಚೀಲ. ಕನ್ನಡದ 'ಕಾಲುಚೀಲ'ವೆಂಬ ಸಮಾಸಪದ ಆ ಬರಹದ ಪದಶಃ ಅನುವಾದವೆಂಬಂತಿದೆ! ಆದರೆ ವಸ್ತು ಮಾತ್ರ ನಾವು ಬಲ್ಲ ಕಾಲುಚೀಲಕ್ಕಿಂತ ಭಿನ್ನ. ನಮ್ಮ ಕಾಲುಚೀಲ ಹೆಣೆದುದು, ಎಳೆದರೆ ಹಿಗ್ಗುವಂತಹುದು, ಐದು ಬೆರಳುಗಳನ್ನೂ ಒಂದೇ ಗೂಡಿನಲ್ಲಿ ಕೂಡಿಹಾಕುವಂತಹುದು. ತಬಿ ಹತ್ತಿಯ ಬಟ್ಟೆಯನ್ನು ಕತ್ತರಿಸಿ ಹೊಲಿದುದು. ಹಿಮ್ಮಡಿಯ ಮೇಲುಗಡೆ ಸಣ್ಣ ಲೋಹದ ಕೊಂಡಿಗಳಿಂದ ಬಿಗಿಯುವಂತಹುದು. ಎಲ್ಲಕ್ಕೂ ಮಿಗಿಲಾಗಿ, ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೆ ಒಂದು ಮನೆ ಎಂದು ಎರಡಾಗಿ ಸೀಳಿರುವಂತಹುದು. ಉಂಗುಷ್ಠಕ್ಕೆ ಬಾರು ಸಿಕ್ಕಿಸುವ ಪಾದರಕ್ಷೆಗಳನ್ನು ಮೆಟ್ಟುವ ಜನ ಹೀಗೆ ಸೀಳುವುದು ಅನಿವಾರ್ಯವಾಗಿದ್ದಿತು. ಪೂರ್ವದಲ್ಲಿ ಚರ್ಮದಿಂದ ಮಾಡುತ್ತಿದ್ದ ತಬಿ 17ನೆಯ ಶತಮಾನದಿಂದೀಚೆಗೆ ಹತ್ತಿಯದಾಯಿತು. ಸೈತಾಮಾ ಪ್ರಾಂತದ ಗ್ಯೋದಾ ಎಂಬ ಊರು ಇದರ ತಯಾರಿಕೆಗೆ ಹೆಸರಾದುದು. ರಬ್ಬರ್ ತಳದ ತಬಿಯನ್ನು 1923ರಲ್ಲಿ ಕುರುಮೆ ಊರಿನ ಇಶಿಬಾಶಿ ಸೋದರರು ಮಾರಾಟಕ್ಕೆ ತಂದರು. ಅದರಿಂದ ಕಲಿತ ರಬ್ಬರ್ ವಿದ್ಯೆಯೇ ಮುಂದೆ ಅವರಲ್ಲೊಬ್ಬನನ್ನು ಬ್ರಿಜ್‌ಸ್ಟೋನ್ ಟೈರು ಕಾರ್ಖಾನೆಯ ಸ್ಥಾಪಕನನ್ನಾಗಿ ಮಾಡಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಕನಕುರಿ ಶಿಸೊ ಎಂಬ ಜಪಾನೀ ಓಟಗಾರನು ಮ್ಯಾರಥಾನ್ ಓಡಿದುದೂ ತಬಿ ತೊಟ್ಟೇ.

ಈ ಸೀಳಿನಿಂದಲೇ ತಬಿ ಸುಮೊ ಕಣಕ್ಕೆ ಸಲ್ಲುವ ವಸ್ತುವಾಯಿತೆನ್ನಬೇಕು. ಗಾಯವನ್ನು ಮುಚ್ಚಿಯೂ ಅದು ಹೆಬ್ಬೆರಳನ್ನು ಸೆರೆಹಿಡಿಯುವುದಿಲ್ಲ. ಬೆರಳನ್ನು ಅಗಲಿಸಿ ನೆಲವನ್ನು ಒತ್ತುವ ಅವಕಾಶವನ್ನು ಉಳಿಸುತ್ತದೆ. ಬೂಟಿನಂತೆ ಗಟ್ಟಿ ತಳವಿಲ್ಲದುದರಿಂದ ಎದುರಾಳಿಯ ಪಾದಕ್ಕೆ ಅಪಾಯವಿಲ್ಲ, ಕಣದ ನೆಲವೂ ಕೆಡುವುದಿಲ್ಲ. ಅಲ್ಲದೆ ಅದು ಆ ನಾಡಿನ ಉಡುಪೇ ಆದುದರಿಂದ ಪವಿತ್ರವೆಂದು ಭಾವಿಸಿದ ಸ್ಥಳದಲ್ಲಿ ಪರಕೀಯವಾಗಿ ತೋರುವುದಿಲ್ಲ.

ಆದರೆ ಲಾಭದೊಂದಿಗೆ ನಷ್ಟವೂ ಇದೆ, ನಷ್ಟವೇ ಹೆಚ್ಚೆನ್ನಬಹುದು. ಬರಿಯ ಅಂಗಾಲು ಮರಳಿನ ಕಣಗಳನ್ನು ಸರಿಸಿ, ಕೆಳಗಿನ ಜೇಡಿಯನ್ನು ಹಿಡಿಯುತ್ತದೆ. ಬಟ್ಟೆಯ ತಳ ಅದೇ ಮರಳಿನ ಮೇಲೆ ಜಾರುತ್ತದೆ. ಅಂಚಿನಲ್ಲಿ ಮೂಟೆಯ ಉಬ್ಬು ಕಾಲಿಗೆ ತಗಲಿತೊ ಇಲ್ಲವೊ ಎಂಬುದನ್ನು ಕಣ್ಣಿನಿಂದ ನೋಡುವ ವ್ಯವಧಾನ ಮಲ್ಲನಿಗಿರುವುದಿಲ್ಲ. ಅಂಗಾಲೇ ಅವನ ಕಣ್ಣು. ಆ ಕಣ್ಣಿಗೆ ತಬಿ ಪರದೆ ಕಟ್ಟುತ್ತದೆ. ಇಷ್ಟಲ್ಲದೆ, ನೋವು ಎಲ್ಲಿದೆಯೆಂಬುದನ್ನು ಎದುರಾಳಿಗೆ ಡಂಗುರ ಸಾರಿ ತಿಳಿಸಿದಂತೆಯೂ ಆಗುತ್ತದೆ. ಆದುದರಿಂದಲೇ ಕೇವಲ ಸುಖಕ್ಕಾಗಿ ತಬಿ ತೊಟ್ಟು ಕಣವನ್ನೇರುವ ಮಲ್ಲನನ್ನು ಕಾಣುವುದಿಲ್ಲ. ತೊಡದಿದ್ದರೆ ಕಾಲೂರಲೇ ಆಗದೆಂಬ ಸ್ಥಿತಿ ಬಂದಾಗ ಅದು ಹೊರಬರುತ್ತದೆ. ಗಾಯ ಮಾಯ್ದೊಡನೆ ಮರೆಯಾಗುತ್ತದೆ.

ಅದೇ ಕಣದ ಮೇಲೆ ತಬಿ ತೊಟ್ಟ ಬೇರೆ ಪಾದಗಳೂ ಇವೆ. ಅವು ಗಾಯದವಲ್ಲ, ಗೌರವದವು. 'ಗ್ಯೋಜಿ' ಎಂಬ ತೀರ್ಪುಗಾರನ ಪದವಿಯನ್ನು ಅವನ ಪಾದವನ್ನು ನೋಡಿಯೇ ಹೇಳಬಹುದು. ಕೆಳದರ್ಜೆಯ ಗ್ಯೋಜಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ನಿಲ್ಲಬೇಕು. ಜೂರ್ಯೊ ಎಂಬ ಎರಡನೆಯ ವರ್ಗದ ಪಂದ್ಯಗಳನ್ನು ನಡೆಸುವ ಯೋಗ್ಯತೆ ಬಂದಾಗ ಬಿಳಿಯ ತಬಿ ದೊರೆಯುತ್ತದೆ. ಇನ್ನೂ ಮೇಲೇರಿ ಅಗ್ರಶ್ರೇಣಿಯ ಪಂದ್ಯಗಳಿಗೆ ನಿಲ್ಲುವ ಅಧಿಕಾರ ಬಂದವನಿಗೆ ತಬಿಯ ಮೇಲೆ 'ಝೋರಿ' ಎಂಬ ಪಾದರಕ್ಷೆಯನ್ನು ಮೆಟ್ಟುವ ಹಕ್ಕು. ತುತ್ತತುದಿಯ ಇಬ್ಬರು, ಕಿಮುರಾ ಶೋನೊಸುಕೆ ಮತ್ತು ಶಿಕಿಮೊರಿ ಇನೊಸುಕೆ ಎಂಬ ಬಿರುದಿನವರು, ನಡುವಿನಲ್ಲಿ ಕಿರುಗತ್ತಿಯನ್ನೂ ಧರಿಸುತ್ತಾರೆ. ತೀರ್ಪು ತಪ್ಪಿದರೆ ಪ್ರಾಣವನ್ನೇ ಒಪ್ಪಿಸುವೆನೆಂಬ ಪ್ರತಿಜ್ಞೆಯ ಕುರುಹು ಅದು. ಇಂದು ಒಪ್ಪಿಸುವುದು ರಾಜೀನಾಮೆಯ ಪತ್ರವನ್ನಷ್ಟೆ. ಒಟ್ಟಿನಲ್ಲಿ, ಒಂದೇ ಕಣದಲ್ಲಿ ತೀರ್ಪುಗಾರನಿಗೆ ತಬಿ ಬಡ್ತಿಯ ಗುರುತು, ಮಲ್ಲನಿಗೆ ನೋವಿನ ಗುರುತು.

ಕಣದಿಂದ ಇಳಿದೊಡನೆ ಮಲ್ಲನ ಪಾದಕ್ಕೂ ಪದವಿ ಬರುತ್ತದೆ. ಸುಮೊದಲ್ಲಿ ಆರು ವರ್ಗಗಳಿವೆ. ತಳದ ಎರಡು ವರ್ಗಗಳಾದ ಜೊನೊಕುಚಿ ಮತ್ತು ಜೊನಿದಾನ್‌ಗಳ ಮಲ್ಲರು ಕೊರೆಯುವ ಚಳಿಯಲ್ಲಿಯೂ ಹತ್ತಿಯ ತೆಳು ನಿಲುವಂಗಿಯನ್ನು ತೊಟ್ಟು, ಬರಿಗಾಲಿಗೆ 'ಗೆತಾ' ಎಂಬ ಮರದ ಹಾವುಗೆಯನ್ನು ಮೆಟ್ಟಿ ನಡೆಯಬೇಕು. ಮೇಲೆ ಹೋದಂತೆ ಹಾವುಗೆಯ ಬದಲು ಚಪ್ಪಟೆಯಾದ ಪಾದರಕ್ಷೆ, ಮೇಲಂಗಿ ಮೊದಲಾದವು ಒಂದೊಂದಾಗಿ ದೊರೆಯುತ್ತವೆ. ಮೇಲಿನ ಎರಡು ವರ್ಗಗಳಾದ ಜೂರ್ಯೊ ಮತ್ತು ಮಕುಉಚಿಗಳನ್ನು ಮುಟ್ಟಿದವನು 'ಸೆಕಿತೊರಿ' ಎನಿಸಿಕೊಳ್ಳುತ್ತಾನೆ. ಸುಮಾರು ಆರುನೂರು ಮಲ್ಲರಲ್ಲಿ ಈ ಭಾಗ್ಯ 70 ಮಂದಿಗೆ ಮಾತ್ರ. ಮಾಸಿಕ ಸಂಬಳ, ಸೇವೆಗೆ ಕಿರಿಯ ಮಲ್ಲರು, ಕಣದಲ್ಲಿ ರೇಷ್ಮೆಯ ಕಾಸೆ, ಉಪ್ಪೆರಚುವ ಅಧಿಕಾರ, ಬೀದಿಯಲ್ಲಿ ಬಿಳಿಯ ತಬಿ, ಇವೆಲ್ಲ ಸೆಕಿತೊರಿಯಾದವನಿಗೆ ಸಲ್ಲುತ್ತವೆ. ಅದರ ಕೆಳಗಿನವನಿಗೆ ಸಂಬಳವೆಂಬುದೇ ಇಲ್ಲ, ಪಂದ್ಯಾವಳಿಗೊಮ್ಮೆ ಭತ್ಯೆಯಷ್ಟೆ.

ಗಾಯಗೊಂಡವನು ಮನೆಯಲ್ಲಿ ಕೂಡದೆ ತಬಿ ತೊಟ್ಟು ಕಣಕ್ಕೇಕೆ ಬರುತ್ತಾನೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. 1958ರಿಂದ ವರ್ಷಕ್ಕೆ ಆರು ಪಂದ್ಯಾವಳಿಗಳು ನಡೆಯುತ್ತಿವೆ. ಪ್ರತಿಯೊಂದೂ 15 ದಿನಗಳದು. ಸೆಕಿತೊರಿ ದಿನಕ್ಕೊಂದರಂತೆ 15 ಪಂದ್ಯಗಳನ್ನು ಆಡಬೇಕು. ಎಂಟು ಗೆದ್ದರೆ ಏರಿಕೆ, ಎಂಟು ಸೋತರೆ ಇಳಿಕೆ ಎಂಬುದು ಸ್ಥೂಲವಾದ ಸೂತ್ರ. ಬಾರದ ದಿನವನ್ನು ಸೋಲಿನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾರೆ. ಕಣದಲ್ಲಿ ಗಾಯಗೊಂಡವನು ಮುಂದಿನ ಪಂದ್ಯಾವಳಿಗೆ ಗೈರುಹಾಜರಾದರೂ ಸ್ಥಾನ ಕಳೆದುಕೊಳ್ಳದಂತೆ ರಕ್ಷಿಸುವ ಏರ್ಪಾಡೊಂದು 1972ರಲ್ಲಿ ಜಾರಿಗೆ ಬಂದಿದ್ದಿತು. ಅಲ್ಪಸ್ವಲ್ಪ ನೋವಿಗೂ ಅದನ್ನು ಬಳಸಿಕೊಳ್ಳುತ್ತಾರೆಂಬ ಆಕ್ಷೇಪ ಹುಟ್ಟಿ, 2003ರ ಅಂತ್ಯಕ್ಕೆ ಅದನ್ನು ರದ್ದುಗೊಳಿಸಲಾಯಿತು. ಕೆಲವರು ದುರುಪಯೋಗ ಮಾಡಿದರೆಂದು ನಿಜವಾಗಿ ನೊಂದವರ ಆಸರೆಯನ್ನೂ ಕಿತ್ತುದು ಎಷ್ಟರಮಟ್ಟಿಗೆ ನ್ಯಾಯವೆಂದು ಕೇಳುವವರು ಜಪಾನಿನಲ್ಲಿಯೇ ಇದ್ದಾರೆ. ಆ ಕೇಳ್ವಿಯಲ್ಲಿ ಹುರುಳಿಲ್ಲದಿಲ್ಲ. ಜೂರ್ಯೊ ವರ್ಗದ ಕೆಳತುದಿಯಲ್ಲಿರುವ ಮಲ್ಲನೊಬ್ಬನಿಗೆ ಮೂರನೆಯ ದಿನ ಹೆಬ್ಬೆರಳ ಉಗುರು ಕಿತ್ತಿತೆನ್ನೋಣ. ವಿಶ್ರಮಿಸಿದರೆ ಉಗುರು ಉಳಿದೀತು, ಸಂಬಳವೂ ಸೇವಕರೂ ಬಿಳಿಯ ತಬಿಯೂ ಹೋದಾವು. ಆದ್ದರಿಂದ ಹೊರಗಿನ ತಬಿಯನ್ನು ಉಳಿಸಿಕೊಳ್ಳಲು ಅವನು ಕಣದೊಳಗೆ ತಬಿ ತೊಡುತ್ತಾನೆ.

ಹಾಗೆ ನೋವು ನುಂಗಿ ಆಡುವುದು ಸದಾ ಒಳಿತನ್ನೇ ತರುತ್ತದೆಂದಲ್ಲ. 2001ರ ಮೇ ತಿಂಗಳಿನಲ್ಲಿ ಮಹಾಮಲ್ಲ ತಕಾನೊಹಾನಾ ಮೊಣಕಾಲಿನ ತೀವ್ರ ಗಾಯದೊಡನೆಯೇ ಅಂತಿಮ ದಿನ ಕಣಕ್ಕಿಳಿದು ಪ್ರಶಸ್ತಿಯನ್ನು ಗೆದ್ದನು. ದೇಶವೇ ಅವನನ್ನು ಕೊಂಡಾಡಿತು. ಅದರ ಬೆಲೆಯೆಂದು ಮುಂದೆ ಸತತವಾಗಿ ಏಳು ಪಂದ್ಯಾವಳಿಗಳಿಂದ ಅವನು ದೂರ ಉಳಿಯಬೇಕಾಯಿತು. 2003ರ ಜನವರಿಯಲ್ಲಿ ನಿವೃತ್ತನಾದನು. ಮಹಾಮಲ್ಲನ 'ಯೊಕೊಝುನಾ' ಪದವಿಗೆ ಇಳಿಕೆಯಿಲ್ಲವಾದುದರಿಂದ ಅವನು ಅಷ್ಟು ಕಾಲ ಕಾಯಬಲ್ಲವನಾದನು. ಉಳಿದವರಿಗೆ ಆ ರಕ್ಷೆಯಿಲ್ಲ.

ರಕ್ಷೆಯಿಲ್ಲದವರ ಗತಿ ಏನಾಗಬಹುದೆಂಬುದಕ್ಕೆ ಮಂಗೋಲಿಯಾ ಮೂಲದ ತೆರುನೊಫುಜಿಯ ವೃತ್ತಾಂತವೇ ಸಾಕು. 2015ರಲ್ಲಿ ಯೊಕೊಝುನಾಕ್ಕೆ ಒಂದೇ ಮೆಟ್ಟಿಲು ಕೆಳಗಿನ ಓಝೆಕಿ ಪದವಿಗೇರಿದ ಈ ಮಲ್ಲನ ಮೊಣಕಾಲುಗಳು ಕೈಕೊಟ್ಟವು, ರೋಗಗಳೂ ಬಂದೆರಗಿದವು. ಗೈರುಹಾಜರಿಯ ಮೇಲೆ ಗೈರುಹಾಜರಿ ಸೇರಿ, 2019ರ ಮಾರ್ಚ್ ತಿಂಗಳಿನಲ್ಲಿ ಅವನು ತಳದಿಂದ ಎರಡನೆಯದಾದ ಜೊನಿದಾನ್ ವರ್ಗದಲ್ಲಿ ಕಾಣಿಸಿಕೊಂಡನು. ಓಝೆಕಿಯಾಗಿದ್ದವನೊಬ್ಬ ಅಷ್ಟು ಕೆಳಗಿಳಿದುದು ಅದೇ ಮೊದಲು. ಹಿಂದೆ ಬಿಳಿಯ ತಬಿ ತೊಟ್ಟು ಸೇವಕರೊಡನೆ ಬರುತ್ತಿದ್ದವನಿಗೆ ಆಗ ನಿಯಮದಂತೆ ಉಳಿದುದು ಬರಿಗಾಲೂ ಮರದ ಹಾವುಗೆಯೂ. ಅಲ್ಲಿ ಆಡಿದ ಏಳು ಪಂದ್ಯಗಳಲ್ಲಿ ಏಳನ್ನೂ ಗೆದ್ದನು. 2020ರ ಜನವರಿಯಲ್ಲಿ ಜೂರ್ಯೊ ವರ್ಗಕ್ಕೆ ಮರಳಿದನು; ಅದೇ ಜುಲೈನಲ್ಲಿ ಮಕುಉಚಿಯ ಪ್ರಶಸ್ತಿಯನ್ನೇ ಗೆದ್ದನು; 2021ರ ಜುಲೈ ಪಂದ್ಯಾವಳಿಯ ತರುವಾಯ 73ನೆಯ ಯೊಕೊಝುನಾ ಆದನು. ಮೊಣಕಾಲುಗಳ ದಪ್ಪ ಪಟ್ಟಿಗಳು ಮಾತ್ರ ಕಡೆಯವರೆಗೂ ಕಳಚಲಿಲ್ಲ. 2025ರ ಜನವರಿಯಲ್ಲಿ ಅವನು ಕಣದಿಂದ ನಿವೃತ್ತನಾದನು.